ಅಪ್ಪಾ, ಹುಲಿಯನ್ನು ಬಿಟ್ಟೆಯಲ್ಲ!



ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆ. ಇಲ್ಲಿ ಬರೆಯುತ್ತಿರುವುದು ಪಾಪನಿವೇದನೆಯಲ್ಲಿ ಕೇಳಿದ ವಿಷಯವಲ್ಲ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ಮನೆಯ ಯಜಮಾನರು ಹನ್ನೊಂದು ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಮರಳಿದವರು. ನಾನು ಹೋದಾಗ ರಾತ್ರಿ ಏಳೂವರೆ ಇರಬೇಕು. ಐದು ವರ್ಷದ ಮಗಳು ಪುಣ್ಯಕೋಟಿಯ ಚಿತ್ರಪುಸ್ತಕವನ್ನು ಎದೆಗೆ ಅವಚಿಕೊಂಡು ತಂದೆಯ ಪಕ್ಕದಲ್ಲಿ ನಿಂತಿದ್ದಳು. ತಂದೆಯ ಕಣ್ಣು ಮೊಬೈಲಿನಲ್ಲಿತ್ತು. "ಒಂದೇ ನಿಮಿಷ ಪುಟ್ಟಿ" ಎಂದರು. ಆ ಒಂದು ನಿಮಿಷ ಬಹಳ ಹೊತ್ತು ಮುಗಿಯಲಿಲ್ಲ. ಕೊನೆಗೆ ನಾನು ಕುಳಿತಿದ್ದೇನೆಂಬ ಸಂಕೋಚಕ್ಕೋ ಏನೋ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದತೊಡಗಿದರು. ಓದು ಓಡುತ್ತಿತ್ತು. ಎರಡು ಹಾಳೆಗಳನ್ನು ಒಟ್ಟಿಗೇ ಮಗುಚಿದರು.

"ಅಪ್ಪಾ, ಹುಲಿಯನ್ನು ಬಿಟ್ಟೆಯಲ್ಲ!" ಎಂದಳು ಮಗು.

ಅಕ್ಷರ ಬಾರದ ಮಗು ಅದು. ಆದರೂ ಒಂದು ಪುಟ ತಪ್ಪಿದ್ದು ಅದಕ್ಕೆ ಗೊತ್ತಾಯಿತು. ನಾವೆಲ್ಲರೂ ನಕ್ಕೆವು, ಮಗುವಿನ ತಾಯಿ ಮಾತ್ರ ನಗಲಿಲ್ಲ.

ಮರುವಾರ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಕುವೈತಿನಲ್ಲಿದ್ದಾಗ ಸಂಬಳದ ದಿನ ದಿನಾರಿಗೆ ಎಷ್ಟು ರೂಪಾಯಿ ಎಂದು ನೋಡಿ ಮನೆಗೆ ಹಣ ಕಳುಹಿಸುವುದು ಅವರ ಅಭ್ಯಾಸವಾಗಿತ್ತು. ದುಡಿದ ಹಣಕ್ಕೆ ಒಳ್ಳೆಯ ದರ ಹುಡುಕುವುದರಲ್ಲಿ ತಪ್ಪೇನಿದೆ? ಊರಿಗೆ ಬಂದ ಮೇಲೂ ದರ ನೋಡುವ ಚಾಳಿ ಬಿಡಲಿಲ್ಲ. ಸ್ನೇಹಿತರೊಬ್ಬರು ಒಂದು ಆ್ಯಪ್ ತೋರಿಸಿದರು. ಡಾಲರ್, ಯೂರೋ, ಯೆನ್ನುಗಳನ್ನು ಕೊಂಡು ಮಾರುವುದು ಶುರುವಾಯಿತು. ಮೊದಲು ಲಾಭ ಬಂತು, ಆಮೇಲೆ ನಷ್ಟ ಬಂತು, ನಷ್ಟವನ್ನು ತುಂಬಿಸಲು ಹೋಗಿ ಇನ್ನೂ ದೊಡ್ಡ ನಷ್ಟವಾಯಿತು. ಮಗಳ ಹೆಸರಿನಲ್ಲಿಟ್ಟಿದ್ದ ಠೇವಣಿಯನ್ನು ಹೆಂಡತಿಗೆ ತಿಳಿಸದೆ ಮುರಿದಿದ್ದರು.

"ಸ್ವಾಮಿ, ನನ್ನ ಲೆಕ್ಕ ತಪ್ಪಲಿಲ್ಲ. ಮನಸ್ಸು ತಪ್ಪಿತು. ಭಾವನೆಗಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡಿ" ಎಂದು ಕೇಳಿದರು.

ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಭಾವನೆಗಳನ್ನು ಹಿಡಿತದಲ್ಲಿಡುವುದು ಎಂದರೇನು?

ಮೊದಲು ಆ ಮಾರುಕಟ್ಟೆಯ ಸ್ವಭಾವವನ್ನು ತಿಳಿಯೋಣ. ನಾಣ್ಯ ವಿನಿಮಯದ ಜಾಗತಿಕ ಪೇಟೆ ವಾರಕ್ಕೆ ಐದು ದಿನ ಹಗಲಿರುಳೂ ತೆರೆದಿರುತ್ತದೆ. 2022ರ ಅಂತರರಾಷ್ಟ್ರೀಯ ಲೆಕ್ಕದಂತೆ ಅಲ್ಲಿ ದಿನವೊಂದಕ್ಕೆ ಸರಾಸರಿ ಏಳೂವರೆ ಲಕ್ಷ ಕೋಟಿ ಡಾಲರಿನ ವಹಿವಾಟು ನಡೆಯುತ್ತಿತ್ತು. ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಒಟ್ಟಿಗೆ ತೆರೆದಿರುವಾಗ ಪೇಟೆ ಹೆಚ್ಚು ಬಿಸಿಯಾಗಿರುತ್ತದೆ. ನಮ್ಮ ಗಡಿಯಾರದಲ್ಲಿ ಅದು ಸುಮಾರು ಸಂಜೆ ಆರರಿಂದ ರಾತ್ರಿ ಒಂಬತ್ತರ ಸಮಯ. ಡಾಲರನ್ನು ಕ್ಷಣದಲ್ಲಿ ಮೇಲೆ ಕೆಳಗೆ ಮಾಡುವ ಅಮೆರಿಕದ ಉದ್ಯೋಗ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ, ನಮ್ಮ ಸಂಜೆ ಆರು ಅಥವಾ ಏಳು ಗಂಟೆಗೆ ಬರುತ್ತದೆ. ಮಕ್ಕಳು ಊಟ ಮಾಡಿ, ಪುಸ್ತಕ ಹಿಡಿದು ಅಪ್ಪ ಅಮ್ಮನ ಬಳಿ ಬರುವುದೂ ಅದೇ ಸಮಯಕ್ಕೆ!

ಇನ್ನೊಂದು ವಿಷಯ ಸಾಲದ ಬಲ. ಒಂದಕ್ಕೆ ನೂರರಷ್ಟು ಲಿವರೇಜ್ ಕೊಟ್ಟರೆ ಹತ್ತು ಸಾವಿರ ರೂಪಾಯಿ ಇಟ್ಟವನು ಹತ್ತು ಲಕ್ಷದ ವಹಿವಾಟು ಮಾಡಬಹುದು. ಆಗ ದರ ಶೇಕಡಾ ಒಂದರಷ್ಟು ತಿರುಗಿ ಬಿದ್ದರೆ ಸಾಕು, ಇಟ್ಟ ಹಣವೆಲ್ಲ ಹೋಯಿತು. ಅಷ್ಟು ಕಿರಿದಾದ ಕಟ್ಟೆಯ ಮೇಲೆ ನಿಂತವನ ಎದೆ ಡವಗುಟ್ಟದೆ ಇರುತ್ತದೆಯೇ?

ಮನಶ್ಶಾಸ್ತ್ರಜ್ಞರು ಈ ಎದೆಬಡಿತವನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಒಂದು ಸಾವಿರ ಗಳಿಸಿದ ಸಂತೋಷಕ್ಕಿಂತ ಒಂದು ಸಾವಿರ ಕಳೆದುಕೊಂಡ ನೋವು ನಮಗೆ ಹೆಚ್ಚು ತಾಗುತ್ತದೆಂದು ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದರು. ಹಾಗಾಗಿ ಜನ ಲಾಭದಲ್ಲಿರುವುದನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು 'ನಾಳೆ ಏರೀತು' ಎಂದು ಹಿಡಿದುಕೊಂಡು ಕೂರುತ್ತಾರೆಂದು 1985ರಲ್ಲಿ ಇನ್ನಿಬ್ಬರು ವಿದ್ವಾಂಸರು ವಿವರಿಸಿದರು. ಕಳೆದುಕೊಂಡಲ್ಲೇ ಹುಡುಕಬೇಕು ಎಂಬ ಮಾತಿದೆಯಲ್ಲ, ಜೂಜಿನ ಮನೆಯಲ್ಲಿ ಅದಕ್ಕಿಂತ ಅಪಾಯದ ಬುದ್ಧಿವಾದ ಬೇರೆ ಇಲ್ಲ. ಧರ್ಮರಾಯನಂಥ ಸಾತ್ವಿಕನೂ ಸೋತಷ್ಟೂ ದೊಡ್ಡದನ್ನೇ ಪಣಕ್ಕಿಟ್ಟ.

ಆದ್ದರಿಂದ ಅನುಭವಿಗಳು ಕೆಲವು ನಿಯಮ ಹೇಳುತ್ತಾರೆ. ಎಷ್ಟು ನಷ್ಟವಾದರೆ ಹೊರಬರುತ್ತೇನೆಂದು ಮೊದಲೇ ಬರೆದಿಡು. ಒಂದು ವಹಿವಾಟಿಗೆ ಬಂಡವಾಳದ ಶೇಕಡಾ ಒಂದೆರಡಕ್ಕಿಂತ ಹೆಚ್ಚು ಒಡ್ಡಬೇಡ. ಸಿಟ್ಟಿನಲ್ಲಿ ಸೇಡು ತೀರಿಸಿಕೊಳ್ಳುವಂತೆ ಮತ್ತೆ ಹಣ ಹೂಡಬೇಡ. ಎರಡು ಸಲ ಸೋತರೆ ಆ ದಿನಕ್ಕೆ ನಿಲ್ಲಿಸು. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತಿಯಲ್ಲಿ ಬಾರದು ಎಂಬ ನಮ್ಮ ಹಿರಿಯರ ಮಾತೇ ಇದು. ಈ ನಿಯಮಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಇಷ್ಟೇ ಸಾಕೇ? ಒಂದು ಮಾತು ಯೋಚಿಸಿ: ನುರಿತ ಕಳ್ಳನ ಕೈಯೂ ನಡುಗುವುದಿಲ್ಲ. ಅವನೂ ಭಾವನೆಗಳನ್ನು ಹಿಡಿತದಲ್ಲಿಟ್ಟವನೇ. ಹಾಗೆಂದು ಅವನನ್ನು ಸಜ್ಜನ ಎನ್ನುತ್ತೇವೆಯೇ? ಶಾಂತವಾಗಿರುವುದು ತನ್ನಷ್ಟಕ್ಕೆ ಗುಣವಲ್ಲ. ಆ ಶಾಂತಿ ಯಾವುದರ ಸೇವೆಗೆ ನಿಂತಿದೆ ಎಂಬುದೇ ಮುಖ್ಯ.

ಸೆಮಿನರಿಯ ತತ್ವಶಾಸ್ತ್ರದ ತರಗತಿಯಲ್ಲಿ ಕಲಿತ ಒಂದು ವಿಚಾರ ಇಲ್ಲಿ ನೆನಪಾಗುತ್ತದೆ. ಭಾವನೆಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ, ವಿವೇಕದೊಡನೆ ಅವುಗಳ ಸಂಬಂಧ ಹೇಗಿದೆ ಎಂಬುದರಿಂದ ಒಳ್ಳೆಯವೋ ಕೆಟ್ಟವೋ ಆಗುತ್ತವೆ ಎಂದು 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಅರಿಸ್ಟಾಟಲನಿಂದ ಅವರು ಒಂದು ಹೋಲಿಕೆಯನ್ನೂ ತೆಗೆದುಕೊಂಡರು. ಎತ್ತು ಎಂದರೆ ಕೈ ಏಳುತ್ತದೆ, ಆಳಿನಂತೆ. ಸುಮ್ಮನಿರು ಎಂದರೆ ಭಯವಾಗಲಿ ಕೋಪವಾಗಲಿ ಸುಮ್ಮನಿರುವುದಿಲ್ಲ. ಅವು ಸ್ವತಂತ್ರ ಪ್ರಜೆಗಳಂತೆ ತಿರುಗಿ ಮಾತನಾಡುತ್ತವೆ. ಅವುಗಳನ್ನು ಹೊಡೆದು ಆಳಲಾಗದು. ಕೇಳಿಸಿಕೊಂಡು, ತಿಳಿಹೇಳಿ, ದಿನದಿನವೂ ಪಳಗಿಸಬೇಕು. ಕೆಲವೊಮ್ಮೆ ಅವು ಹೇಳುವುದೇ ಸರಿಯಾಗಿರುತ್ತದೆ!

ಆ ತಂದೆಯನ್ನು ನಾನು ಕೇಳಿದೆ: "ನಿಮಗೆ ಯಾವುದರ ಹೆದರಿಕೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಗೊತ್ತಾದರೆ ಎಂದು" ಅಂದರು. ನೋಡಿ, ಅವರು ಅದುಮಿಡಲು ಹೊರಟಿದ್ದ ಭಾವನೆಯೇ ಮನೆಯಲ್ಲಿ ನಿಜ ಹೇಳುತ್ತಿದ್ದ ಒಂದೇ ಧ್ವನಿಯಾಗಿತ್ತು. ಮನಸ್ಸಾಕ್ಷಿ ಎಷ್ಟೋ ಸಲ ಭಯದ ವೇಷದಲ್ಲಿ ಬಂದು ಬಾಗಿಲು ತಟ್ಟುತ್ತದೆ. ಅದನ್ನೂ ಗೆದ್ದೆವೆಂದರೆ ನಾವು ಗೆದ್ದಂತಲ್ಲ.

ಹೊರಗಿನ ಸಂಗತಿಗಳೂ ಆ ಭಯದ ಪರವಾಗಿಯೇ ಇದ್ದವು. ಸಾಲದ ಬಲದಿಂದ ನಡೆಯುವ ಇಂಥ ವಹಿವಾಟುಗಳಲ್ಲಿ, ಕರೆನ್ಸಿಯದೂ ಸೇರಿ, ನೂರಕ್ಕೆ 74ರಿಂದ 89 ಚಿಕ್ಕ ಖಾತೆಗಳು ನಷ್ಟ ಅನುಭವಿಸುತ್ತವೆ ಎಂದು ಯುರೋಪಿನ ಮಾರುಕಟ್ಟೆ ನಿಯಂತ್ರಣ ಸಂಸ್ಥೆ 2018ರಲ್ಲಿ ಹೇಳಿತು. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಯೂರೋಗೆ 1.20 ಫ್ರಾಂಕ್ ಎಂಬ ಮಿತಿಯನ್ನು ಏಕಾಏಕಿ ಕೈಬಿಟ್ಟಾಗ, ನಷ್ಟ ತಡೆಯಲು ಸ್ಟಾಪ್ ಲಾಸ್ ಹಾಕಿದ್ದ ಅನೇಕರಿಗೂ ತಾವು ಬರೆದಿಟ್ಟ ದರ ಸಿಗಲಿಲ್ಲ. ಎಷ್ಟು ಶಾಂತಚಿತ್ತರಾಗಿದ್ದರೂ ಅಂದು ಪ್ರಯೋಜನವಿರಲಿಲ್ಲ. ನಮ್ಮ ದೇಶದಲ್ಲಂತೂ ಅನುಮತಿ ಪಡೆದ ಸಂಸ್ಥೆಗಳ ಮೂಲಕ, ಕಾನೂನು ಒಪ್ಪಿದ ಉದ್ದೇಶಕ್ಕಷ್ಟೇ ವಿದೇಶಿ ವಿನಿಮಯದ ವ್ಯವಹಾರ ಮಾಡಬಹುದು. ಅನುಮತಿಯಿಲ್ಲದ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಈ ತಂದೆ ಬಳಸುತ್ತಿದ್ದ ಆ್ಯಪ್‌ಗೂ ಅನುಮತಿ ಇರಲಿಲ್ಲ.

ಕರೆನ್ಸಿ ವ್ಯವಹಾರವೆಲ್ಲ ಪಾಪವೆಂದು ನಾನು ಹೇಳುತ್ತಿಲ್ಲ. ಕೊಡಗಿನ ಕಾಫಿಯನ್ನು ಹೊರದೇಶಕ್ಕೆ ಮಾರಿ, ಮೂರು ತಿಂಗಳ ನಂತರ ಡಾಲರಿನಲ್ಲಿ ಹಣ ಪಡೆಯುವ ವ್ಯಾಪಾರಿ ಇಂದೇ ದರ ಗೊತ್ತುಪಡಿಸಿಕೊಂಡರೆ ಅದು ಜಾಣತನ. ಅವನು ಇರುವ ಅಪಾಯವನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಇಲ್ಲದ ಅಪಾಯವನ್ನು ಮಗಳ ಹಣದಿಂದ ಕೊಂಡು ತರುವುದು ಬೇರೆಯೇ ಮಾತು.

ಈಗ ಪುಸ್ತಕ ಹಿಡಿದು ನಿಂತ ಆ ಮಗುವಿನ ಬಳಿಗೆ ಬರೋಣ. ಭಾವನೆಗಳನ್ನು ದಿನದಿನವೂ ಪಳಗಿಸಬೇಕು ಎಂದೆ. ಆ ಪಾಠ ಶುರುವಾಗುವುದು ಎಲ್ಲಿ? ತಂದೆ ತಾಯಿಯರ ತೊಡೆಯ ಮೇಲೆ ಎಂದು ನನಗನ್ನಿಸುತ್ತದೆ. ಹುಟ್ಟಿದಂದಿನಿಂದಲೇ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವಂತೆ ತಂದೆತಾಯಿಯರಿಗೆ ಸಲಹೆ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ತನ್ನ ಸದಸ್ಯರಿಗೆ ತಿಳಿಸಿತು. ಭಾಷೆ ಬೆಳೆಯುತ್ತದೆ, ಶಾಲೆಗೆ ಸಹಾಯವಾಗುತ್ತದೆ, ನಿಜ. ಆದರೆ ಅಲ್ಲಿ ಇನ್ನೂ ಒಂದು ಕೆಲಸ ನಡೆಯುತ್ತದೆ. ಹುಲಿ ಬಂದಾಗ ಮಗು ಹೆದರುತ್ತದೆ. ಹೆದರಿ ಅಪ್ಪನ ಅಂಗಿಯನ್ನು ಹಿಡಿಯುತ್ತದೆ. ಅಪ್ಪನ ಧ್ವನಿ ನಡುಗದೆ ಮುಂದುವರಿಯುತ್ತದೆ. 'ಹೆದರಿಕೆ ಬರುತ್ತದೆ, ಇರುತ್ತದೆ, ಹೋಗುತ್ತದೆ. ಹೆದರಿದರೂ ನಾನು ಒಬ್ಬಳೇ ಅಲ್ಲ' ಎಂದು ಮಗುವಿನ ಮೈ ಕಲಿಯುತ್ತದೆ. ಹುಲಿಯ ಪುಟವನ್ನು ಬಿಟ್ಟರೆ ಈ ಪಾಠವನ್ನೇ ಬಿಟ್ಟಂತೆ.

ಮಕ್ಕಳು ಅದೇ ಕಥೆಯನ್ನು ಮತ್ತೆ ಮತ್ತೆ ಕೇಳುವುದೂ ಇದಕ್ಕಾಗಿಯೇ ಇರಬಹುದು. ನಮಗೆ ಬೇಸರ, ಅವಕ್ಕೆ ಧೈರ್ಯ. ಪೇಟೆಯ ನಾಳೆ ಹೇಗಿರುತ್ತದೆಂದು ಯಾರೂ ಹೇಳಲಾರರು. ಪುಣ್ಯಕೋಟಿ ಮಾತ್ರ ನಿನ್ನೆಯಂತೆ ಇಂದೂ ದೊಡ್ಡಿಗೆ ಬಂದು, ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಮರಳುತ್ತದೆ. ಇಂದೂ ಹಾಗೆಯೇ ಆಯಿತು ಎಂಬ ನಂಬಿಕೆಯ ಮೇಲೆ ಮಗು ನಿದ್ದೆ ಹೋಗುತ್ತದೆ.

ಮನಸ್ಸು ಕಲಕಿ ಕತ್ತಲಾಗಿರುವಾಗ ಹೊಸ ನಿರ್ಧಾರ ಮಾಡಬೇಡಿ, ಬೆಳಕಿದ್ದಾಗ ಮಾಡಿದ ನಿರ್ಧಾರದಲ್ಲೇ ನಿಲ್ಲಿ ಎಂಬುದು ಸಂತ ಇಗ್ನಾಸಿಯವರ ಉಪದೇಶದ ಸಾರ. ವ್ಯಾಪಾರಿ ಮೊದಲೇ ಬರೆದಿಡುವ ನಷ್ಟದ ಮಿತಿಯೂ, ಪುಣ್ಯಕೋಟಿ ಕೊಟ್ಟ ಮಾತೂ, 'ಊಟವಾದ ಮೇಲೆ ಓದುತ್ತೇನೆ' ಎಂದು ಮಗುವಿಗೆ ಹೇಳಿದ್ದೂ ಒಂದೇ ಜಾತಿಯವು. ಶಾಂತವಾಗಿದ್ದಾಗ ಕೊಟ್ಟ ಮಾತು ಅಶಾಂತಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಮಗುವಿಗೆ ಕೊಟ್ಟ ಮಾತನ್ನು 'ಒಂದೇ ನಿಮಿಷ' ಎಂದು ದಿನವೂ ಮುರಿಯುವವನು, ತನಗೆ ತಾನೇ ಕೊಟ್ಟುಕೊಂಡ ಮಾತನ್ನು ಪೇಟೆಯ ಬಿರುಗಾಳಿಯಲ್ಲಿ ಉಳಿಸಿಕೊಳ್ಳುತ್ತಾನೆಯೇ?

ಹಾಗಾದರೆ ಚೆನ್ನಾಗಿ ವ್ಯಾಪಾರ ಮಾಡಲೆಂದು ಮಕ್ಕಳಿಗೆ ಕಥೆ ಓದಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಮಗು ನಮ್ಮ ತಲೆಬಿಸಿಗೆ ಔಷಧಿಯಲ್ಲ. ಯಾವುದಕ್ಕಾಗಿ ದುಡಿಯುತ್ತೇವೆ ಎಂದು ಕೇಳಿದರೆ ನಾವೆಲ್ಲರೂ 'ಮಕ್ಕಳಿಗಾಗಿ' ಎನ್ನುತ್ತೇವೆ. ಆ ಮಕ್ಕಳು ಪಕ್ಕದಲ್ಲೇ ನಿಂತು ಕರೆಯುವಾಗ ತಿರುಗಿ ನೋಡಲಾಗದಿದ್ದರೆ, ದುಡಿಮೆ ಬೇರೆ ಯಾರಿಗಾಗಿಯೋ ನಡೆಯುತ್ತಿದೆ ಎಂದೇ ಅರ್ಥ. ಇದು ಕರೆನ್ಸಿ ವ್ಯವಹಾರ ಮಾಡುವವರಿಗೆ ಮಾತ್ರ ಹೇಳಿದ್ದಲ್ಲ. ಟಿ.ವಿ., ಮೊಬೈಲ್, ಅಂಗಡಿಯ ಲೆಕ್ಕ, ಸಂಘದ ಸಭೆ, ನನ್ನಂಥವರಿಗೆ ಧರ್ಮಕೇಂದ್ರದ ಓಡಾಟ, ಒಬ್ಬೊಬ್ಬರಿಗೆ ಒಂದೊಂದು 'ಒಂದೇ ನಿಮಿಷ' ಇದೆ.

ಓದಲು ಬಾರದ ತಂದೆತಾಯಿಯರೂ ಹಿಂಜರಿಯಬೇಕಾಗಿಲ್ಲ. ಚಿತ್ರ ತೋರಿಸಿ ಕಥೆ ಹೇಳಿ, ಅಜ್ಜಿ ಹೇಳಿದ್ದನ್ನೇ ಹೇಳಿ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಹದಿನೈದು ನಿಮಿಷ ಸಾಕು. ಆದರೆ ಹಾಳೆ ಹಾರಿಸಬೇಡಿ.

ಆ ಕುಟುಂಬಕ್ಕೆ ಹೋದ ಹಣ ಮರಳಿ ಬರಲಿಲ್ಲ. ಉಳಿದಿದ್ದನ್ನು ಹೊರತೆಗೆದು, ಹೆಂಡತಿಯ ಮುಂದೆ ಪೂರ್ತಿ ಲೆಕ್ಕ ಒಪ್ಪಿಸಿದ್ದೇನೆಂದು ತಂದೆ ನನಗೆ ತಿಳಿಸಿದರು. ಮೊದಲು ಅಳು, ಆಮೇಲೆ ಜಗಳ, ಆಮೇಲೆ ಮೌನ, ಎಲ್ಲವೂ ಆಯಿತಂತೆ. ಮನೆ ಇನ್ನೂ ಚೇತರಿಸಿಕೊಳ್ಳುತ್ತಿದೆ.

ಈಚೆಗೆ ಮತ್ತೆ ಅಲ್ಲಿಗೆ ಹೋಗಿದ್ದೆ. ಅದೇ ಪುಸ್ತಕ, ಅಂಚು ಇನ್ನಷ್ಟು ಸವೆದಿತ್ತು. ಹುಲಿಯ ಪುಟ ಬಂತು. ಮಗು ಕೇಳಿದಳು: "ಅಪ್ಪಾ, ಹಸುವಿಗೆ ಹೆದರಿಕೆ ಆಗಲಿಲ್ವಾ?"

ತಂದೆ ಪುಸ್ತಕದಿಂದ ತಲೆ ಎತ್ತಿ ಹೆಂಡತಿಯತ್ತ ನೋಡಿದರು. "ಆಗಿತ್ತು ಪುಟ್ಟಿ, ತುಂಬಾ ಆಗಿತ್ತು. ಆದರೂ ಬಂತು, ಮಾತು ಕೊಟ್ಟಿತ್ತಲ್ಲ" ಎಂದರು.

ನಾನು ಹೇಳಬೇಕೆಂದಿದ್ದುದನ್ನು ಅವರೇ ನನಗಿಂತ ಚೆನ್ನಾಗಿ ಹೇಳಿ ಮುಗಿಸಿದ್ದರು.