ಓಟಕ್ಕೆ ಮುಂಚಿನ ತಪಾಸಣೆ

ಯುವಜನರ ಆರಾಧನೆ – ವಾಕ್ಯ ಸಂದೇಶ
ವಾಕ್ಯಭಾಗ: 1 ಕೊರಿಂಥದವರಿಗೆ 9:24-27, ಇಬ್ರಿಯರಿಗೆ 12:1-2, ಕೀರ್ತನೆಗಳು 139:23-24

ಎಲ್ಲರೂ ಒಂದು ಸಲ ಬಾಯ್ತುಂಬ ಸ್ತೋತ್ರ ಅನ್ನಿರಿ. ಹಲ್ಲೆಲೂಯಾ!

ಬೈಬಲ್ ತಂದಿದ್ದೀರಲ್ಲ? ಫೋನಿನಲ್ಲಿ ಓದುವವರು ಓದಿರಿ, ಆದರೆ ವಾಟ್ಸಾಪ್ ಕಡೆ ಹೋಗಬೇಡಿರಿ. ಒಂದನೇ ಕೊರಿಂಥ ಒಂಬತ್ತನೇ ಅಧ್ಯಾಯ, ಇಪ್ಪತ್ನಾಲ್ಕರಿಂದ ಇಪ್ಪತ್ತೇಳು. ಪೌಲನು ಇಲ್ಲಿ ಓಟದ ವಿಷಯ ಮಾತಾಡ್ತಾನೆ. ಯಾಕೆ ಗೊತ್ತಾ? ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೀತಿದ್ದವು. ಪೌಲನು ಆ ಪಟ್ಟಣದಲ್ಲಿ ಒಂದೂವರೆ ವರ್ಷ ಇದ್ದು ಡೇರೆ ಹೊಲಿಯುವ ಕೆಲಸ ಮಾಡಿದವನು. ಅಲ್ಲಿ ಗೆದ್ದವನ ತಲೆಗೆ ಏನು ಇಡ್ತಿದ್ದರು? ಬಂಗಾರ ಅಲ್ಲ. ಪೈನ್ ಮರದ ಎಲೆಯ ಕಿರೀಟ, ಇಲ್ಲವೆ ಒಣಗಿದ ಸೆಲರಿ ಸೊಪ್ಪಿನ ಕಿರೀಟ. ಆ ಸೊಪ್ಪಿಗಾಗಿ ಜನ ತಿಂಗಳುಗಟ್ಟಲೆ ಊಟ ಬಿಡ್ತಿದ್ದರು, ನಿದ್ದೆ ಬಿಡ್ತಿದ್ದರು. ಒಲಿಂಪಿಯಾದಲ್ಲಂತೂ ಹತ್ತು ತಿಂಗಳು ಅಭ್ಯಾಸ ಮಾಡಿದ್ದೇನೆ ಅಂತ ಆಣೆ ಮಾಡಬೇಕಿತ್ತು. ಬಾಡಿಹೋಗುವ ಕಿರೀಟಕ್ಕೆ ಅವರು ಇಷ್ಟು ಮಾಡಿದರೆ, ಬಾಡದ ಕಿರೀಟಕ್ಕೆ ಓಡುವ ನಾವು ಎಷ್ಟು ಮಾಡಬೇಕು? ಪೌಲನ ಪ್ರಶ್ನೆ ಇದು.

ಇವತ್ತು ನಾನು ಇನ್ನೊಂದು ಓಟದ ಮೂಲಕ ಈ ವಾಕ್ಯವನ್ನು ತೋರಿಸ್ತೀನಿ. ನಮ್ಮ ಯೌವನಸ್ಥ ತಮ್ಮಂದಿರಲ್ಲಿ ಬಹಳ ಜನರಿಗೆ ಕಾರ್ ರೇಸ್ ಇಷ್ಟ. ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ಅಂತ ಇದೆ. 'ಸ್ಟಾಕ್' ಅಂದರೆ ಶೋರೂಮಿನಲ್ಲಿ ಮಾರುವ ಕಾರು. ಅದನ್ನೇ ಓಟಕ್ಕೆ ಇಳಿಸೋದು, ಹಾಗೆ ಶುರುವಾದ ಆಟ ಅದು. ನಮಗೆ ಹತ್ತಿರ ಬೇಕಂದ್ರೆ ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಒಂದು ಸುತ್ತು ಸುಮಾರು 2.1 ಕಿ.ಮೀ. ಮಾರುತಿ ಎಂಜಿನ್ ಹಾಕಿ ನಮ್ಮ ದೇಶದಲ್ಲೇ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಬೆಂಗಳೂರಿನ ಹುಡುಗರು ವಾರಾಂತ್ಯದ ರೇಸಿಗೆ ಅಲ್ಲಿಗೆ ಹೋಗ್ತಾರೆ.

ನೋಡುವವರಿಗೆ ಕಾಣೋದು ಭಾನುವಾರದ ಅರ್ಧ ಗಂಟೆ ಮಾತ್ರ. ಓಡಿಸುವವರಿಗೆ ಓಟ ಶುರುವಾಗಿರೋದು ಅದಕ್ಕಿಂತ ಎಷ್ಟೋ ದಿನ ಮುಂಚೆ, ಗ್ಯಾರೇಜಿನಲ್ಲಿ. ಆ ಗ್ಯಾರೇಜಿನಲ್ಲಿ ನಡೆಯುವ ಮೂರು ಕೆಲಸ ನಿಮಗೆ ಹೇಳ್ತೀನಿ. ಬರ್ಕೊಳ್ಳಿರಿ.

ಮೊದಲನೆಯದು: ಬಿಚ್ಚಿ ಹಾಕುವುದು.

ರೋಡಿನ ಕಾರನ್ನು ರೇಸಿಗೆ ತಯಾರು ಮಾಡುವಾಗ ಮೊದಲು ಏನೂ ಸೇರಿಸೋದಿಲ್ಲ, ತೆಗೀತಾರೆ. ಹಿಂದಿನ ಸೀಟು ತೆಗೀತಾರೆ. ಕಾರ್ಪೆಟ್, ಮ್ಯೂಸಿಕ್ ಸಿಸ್ಟಮ್, ಎಸಿ ಎಲ್ಲಾ ತೆಗೀತಾರೆ. ಹಿಂದಿನ ಸೀಟು ಪಾಪವಾ? ಅಲ್ಲ. ಎಸಿ ಪಾಪವಾ? ಅಲ್ಲ. ಮಂಡ್ಯಕ್ಕೆ ಹೋಗಿ ಬರೋದಕ್ಕೆ ಎಸಿ ಬೇಕು. ಓಟಕ್ಕೆ ಅದು ಭಾರ. ಇಬ್ರಿಯರ ಪತ್ರಿಕೆಯ ಹನ್ನೆರಡನೇ ಅಧ್ಯಾಯ ನೋಡಿರಿ, ಅಲ್ಲಿ ಎರಡು ವಿಷಯ ಬೇರೆ ಬೇರೆ ಹೇಳಿದೆ. ಪಾಪವನ್ನೂ ತೆಗೆದಿಡಬೇಕು, ಭಾರವನ್ನೂ ತೆಗೆದಿಡಬೇಕು. ನಮ್ಮ ಪ್ರಶ್ನೆ ಯಾವಾಗಲೂ ಒಂದೇ: "ಪಾಸ್ಟರ್, ಇದು ಪಾಪನಾ?" ಓಟಗಾರ ಕೇಳುವ ಪ್ರಶ್ನೆ ಬೇರೆ: "ಇದು ನನ್ನನ್ನು ನಿಧಾನ ಮಾಡ್ತದಾ?" ರಾತ್ರಿ ಎರಡು ಗಂಟೆವರೆಗೂ ರೀಲ್ಸ್ ನೋಡೋದು ಪಾಪನಾ ಅಂತ ವಾದ ಮಾಡಬಹುದು. ಬೆಳಿಗ್ಗೆ ಪ್ರಾರ್ಥನೆಗೆ ಏಳಲು ಆಗದಿದ್ದಾಗ ಉತ್ತರ ಸಿಕ್ಕಿರುತ್ತದೆ.

ಸೀಟು ತೆಗೆದ ಜಾಗದಲ್ಲಿ ಏನು ಹಾಕ್ತಾರೆ? ಉಕ್ಕಿನ ಕೊಳವೆಗಳ ಪಂಜರ, ರೋಲ್ ಕೇಜ್. ಕಾರು ಪಲ್ಟಿ ಹೊಡೆದರೂ ಒಳಗಿನವನು ಉಳಿಯಲಿ ಅಂತ. ಅದಕ್ಕೂ ತೂಕ ಇದೆ, ಆದರೆ ಆ ತೂಕ ಜೀವ ಕಾಯ್ತದೆ. ಸಭೆ, ವಾಕ್ಯ, ಹಿರಿಯರ ಬುದ್ಧಿಮಾತು ನಿಮಗೆ ಪಂಜರದ ಹಾಗೆ ಕಾಣಬಹುದು. ಹೌದು, ಪಂಜರವೇ. ಪಲ್ಟಿ ಆದ ದಿನ ಅದರ ಬೆಲೆ ಗೊತ್ತಾಗ್ತದೆ.

ಎರಡನೆಯದು: ಬ್ರೇಕ್.

ಅಮೆರಿಕದ ವರ್ಜೀನಿಯಾದಲ್ಲಿ ಮಾರ್ಟಿನ್ಸ್‌ವಿಲ್ ಅಂತ ಒಂದು ಸಣ್ಣ ಟ್ರ್ಯಾಕ್ ಇದೆ. 1947ರಲ್ಲಿ ಶುರುವಾದದ್ದು. ಒಂದು ಸುತ್ತು ಸುಮಾರು 847 ಮೀಟರ್, ಅಷ್ಟೇ. ಎರಡು ಕಡೆ ಉದ್ದ ದಾರಿ, ಎರಡು ತುದಿಯಲ್ಲಿ ಬಿಗಿ ತಿರುವು. 500 ಸುತ್ತಿನ ರೇಸ್ ಅಂದುಕೊಳ್ಳಿರಿ. ಸುತ್ತಿಗೆ ಎರಡು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕು, ಒಟ್ಟು ಸಾವಿರ ಸಲ. ಚಕ್ರದ ಒಳಗೆ ಬ್ರೇಕ್ ಡಿಸ್ಕ್ ಕೆಂಡದ ಹಾಗೆ ಕೆಂಪಗೆ ಹೊಳೀತದೆ. ಅದಕ್ಕೆ ಅಲ್ಲಿಗೆ ಹೋಗುವ ತಂಡಗಳು ಎಂಜಿನ್ ಬಗ್ಗೆ ಎಷ್ಟು ಯೋಚನೆ ಮಾಡ್ತಾರೋ ಬ್ರೇಕ್ ಬಗ್ಗೆಯೂ ಅಷ್ಟೇ ಯೋಚನೆ ಮಾಡ್ತಾರೆ. ಬ್ರೇಕ್ ತಣ್ಣಗಿರಲಿ ಅಂತ ಗಾಳಿ ಒಯ್ಯುವ ಪೈಪುಗಳನ್ನು ಚಕ್ರದವರೆಗೆ ಎಳೆದು ಕೊಡ್ತಾರೆ. ಮೊದಲ ಐವತ್ತು ಸುತ್ತಿನಲ್ಲೇ ಬ್ರೇಕ್ ಸುಟ್ಟುಕೊಂಡವನು ಕೊನೆಯ ಐವತ್ತರಲ್ಲಿ ಬರೀ ನೋಡ್ತಾ ಕೂತಿರಬೇಕು.

ಪವಿತ್ರಾತ್ಮನ ಫಲದ ಪಟ್ಟಿಯಲ್ಲಿ ಕಡೆಯದು ಯಾವುದು? ಹೇಳಿರಿ. ಶಮೆದಮೆ. ಆಮೆನ್! ನಾವು ಪೆಂತೆಕೊಸ್ತಿನವರು ಎಂಜಿನ್ ಬಹಳ ಇಷ್ಟಪಡ್ತೀವಿ. ಬೆಂಕಿ ಬೇಕು, ಅಭಿಷೇಕ ಬೇಕು, ಬಲ ಬೇಕು. ಬೇಕೇಬೇಕು! ಆದರೆ ಎಂಜಿನ್ ಕೊಟ್ಟ ಅದೇ ಆತ್ಮನು ಬ್ರೇಕನ್ನೂ ಕೊಡ್ತಾನೆ. ಬಾಯಿಗೆ ಬ್ರೇಕ್, ಸಿಟ್ಟಿಗೆ ಬ್ರೇಕ್, ಕಣ್ಣಿಗೆ ಬ್ರೇಕ್, ಯುಪಿಐ ಪಿನ್ ಒತ್ತುವ ಬೆರಳಿಗೆ ಬ್ರೇಕ್. ರಾತ್ರಿ ಏರ್‌ಪೋರ್ಟ್ ರೋಡಿನಲ್ಲಿ ವೀಲಿಂಗ್ ಮಾಡುವ ಹುಡುಗನಿಗೂ ಎಂಜಿನ್ ಇದೆ. ಅವನನ್ನು ಯಾರೂ ರೇಸರ್ ಅನ್ನೋದಿಲ್ಲ.

ಮಾರ್ಟಿನ್ಸ್‌ವಿಲ್‌ನಲ್ಲಿ ಗೆದ್ದವರಿಗೆ ಬಹುಮಾನ ಏನು ಗೊತ್ತಾ? ಆಳೆತ್ತರದ ಒಂದು ಗಡಿಯಾರ. 1964ರಿಂದ ಹಾಗೇ ಕೊಡ್ತಾ ಬಂದಿದ್ದಾರೆ. ಒಳ್ಳೆಯ ಬಹುಮಾನವೇ. ಆದರೆ ಆ ಗಡಿಯಾರವೂ ಒಂದು ದಿನ ನಿಲ್ತದೆ, ಸೆಲರಿ ಸೊಪ್ಪು ಬಾಡಿದ ಹಾಗೆ.

ಮೂರನೆಯದು, ಇವತ್ತಿನ ಮುಖ್ಯ ಮಾತು: ತಪಾಸಣೆ.

ಕಾರು ಟ್ರ್ಯಾಕಿಗೆ ಇಳಿಯೋ ಮುಂಚೆ ಅಧಿಕಾರಿಗಳು ಅದನ್ನು ತಪಾಸಣೆ ಮಾಡ್ತಾರೆ. ಬೆಲ್ಟ್, ಹೆಲ್ಮೆಟ್, ಪಂಜರ, ತೂಕ, ಎಲ್ಲಾ. ರೇಸ್ ಮುಗಿದ ಮೇಲೆ ಗೆದ್ದ ಕಾರನ್ನು ಮತ್ತೆ ನೋಡ್ತಾರೆ. ಚಪ್ಪಾಳೆ ಬಿದ್ದ ಮೇಲೂ ಆ ತಪಾಸಣೆ ದಾಟಬೇಕು.

1949, ಜೂನ್ 19. ಅಮೆರಿಕದ ಷಾರ್ಲೆಟ್ ಪಟ್ಟಣದ ಮಣ್ಣಿನ ಟ್ರ್ಯಾಕ್. ಒಂದು ಮೈಲಿಯ ಮುಕ್ಕಾಲು ಭಾಗ ಉದ್ದ. ನ್ಯಾಸ್ಕಾರ್ ಸಂಸ್ಥೆ ಶೋರೂಮ್ ಕಾರುಗಳಿಗೇ ಅಂತ ನಡೆಸಿದ ಸರಣಿಯ ಮೊಟ್ಟಮೊದಲ ರೇಸ್. ಅವತ್ತು ಭಾನುವಾರ. ಗ್ಲೆನ್ ಡನವೇ ಎಂಬ ಚಾಲಕ ಎಲ್ಲರಿಗಿಂತ ಮೊದಲು ಗೆರೆ ದಾಟಿದ. ಜನ ಕೂಗಿದರು. ಆಮೇಲೆ ಅಧಿಕಾರಿಗಳು ಕಾರಿನ ಕೆಳಗೆ ಬಗ್ಗಿ ನೋಡಿದರು. ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದರು. ಯಾಕೆ? ಆ ಕಾಲದಲ್ಲಿ ಆ ಕಡೆ ಕಳ್ಳಭಟ್ಟಿ ಸಾಗಿಸುವ ಕಾರುಗಳಿಗೆ ಹೀಗೆ ಮಾಡ್ತಿದ್ದರು. ಡಿಕ್ಕಿ ತುಂಬ ಸಾರಾಯಿ ಇಟ್ಟರೂ ಹಿಂದೆ ಜಗ್ಗಬಾರದು, ಪೊಲೀಸರಿಗೆ ಅನುಮಾನ ಬರಬಾರದು. ವಾರದ ದಿನದ ಕೆಲಸಕ್ಕೆ ಹಾಕುವ ಸ್ಪ್ರಿಂಗ್ ಭಾನುವಾರ ಸಿಕ್ಕಿಬಿತ್ತು. ಗೆಲುವು ರದ್ದಾಯಿತು. ಹಿಂದೆ ಬಂದ ಜಿಮ್ ರೋಪರ್ ಎಂಬವನನ್ನು ವಿಜೇತ ಅಂತ ಘೋಷಿಸಿದರು. ಕಾರಿನ ಮಾಲೀಕ ಕೋರ್ಟಿಗೂ ಹೋದ. ಅಲ್ಲೂ ಸೋತ.

ಪ್ರಿಯರೇ, ಈ ಘಟನೆ ಓದಿದಾಗ ನನಗೆ ಪೌಲನ ಇಪ್ಪತ್ತೇಳನೇ ವಚನದ ಭಯ ಅರ್ಥ ಆಯಿತು. ಬೇರೆಯವರಿಗೆ ಸಾರಿದ ನಾನೇ ಅಯೋಗ್ಯನಾಗಿಬಿಟ್ಟರೆ ಏನು ಗತಿ ಅಂತ ಅವನು ಯೋಚನೆ ಮಾಡ್ತಾನೆ. ಗ್ರೀಕಿನಲ್ಲಿ ಅಲ್ಲಿರುವ ಪದ 'ಅಡೋಕಿಮೋಸ್'. ಒರೆಗಲ್ಲಿಗೆ ಹಚ್ಚಿದಾಗ ನಿಲ್ಲದ ಲೋಹಕ್ಕೆ ಹೇಳುವ ಮಾತು. ಇದನ್ನು ಹೇಳಿದವನು ಹೊಸ ವಿಶ್ವಾಸಿ ಅಲ್ಲ, ಅಪೊಸ್ತಲನಾದ ಪೌಲ. ಹಾಗಾದರೆ ಮೈಕ್ ಹಿಡಿದಿರುವ ನಾನು? ಕೀಬೋರ್ಡ್ ನುಡಿಸುವ ನೀವು? ಆರಾಧನೆ ನಡೆಸುವ ತಂಡ?

ವೇದಿಕೆ ಮೇಲೆ ಯಾರೂ ಕಾರಿನ ಕೆಳಗೆ ಬಗ್ಗಿ ನೋಡೋದಿಲ್ಲ. ಭಾನುವಾರ ಎಲ್ಲರ ಬಣ್ಣವೂ ಹೊಳೀತದೆ. ಸೋಮವಾರದಿಂದ ಶನಿವಾರದವರೆಗೆ ಏನು ಸಾಗಿಸ್ತಾ ಇದ್ದೀವಿ ಅನ್ನೋದನ್ನು ಸ್ಪ್ರಿಂಗ್ ಹೇಳ್ತದೆ. ಬೆಟ್ಟಿಂಗ್ ಆಪ್‌ನಲ್ಲಿ ಸೋತ ದುಡ್ಡು. ಅದನ್ನು ತೀರಿಸೋಕೆ ತೆಗೆದ ಲೋನ್ ಆಪ್ ಸಾಲ. ಅದನ್ನು ಮುಚ್ಚೋಕೆ ಅಮ್ಮನಿಗೆ ಹೇಳಿದ ಸುಳ್ಳು. ಆಫೀಸಿನಲ್ಲಿ ಕೊಟ್ಟ ಸುಳ್ಳು ಬಿಲ್ಲು. ಲಾಕ್ ಹಾಕಿದ ಚಾಟ್. ಹೊರಗೆ ಏನೂ ಜಗ್ಗಿದ ಹಾಗೆ ಕಾಣಬಾರದು ಅಂತ ಒಳಗೆ ಸ್ಪ್ರಿಂಗ್ ಬಿಗಿ ಮಾಡ್ತಾ ಹೋಗ್ತೀವಿ. ನಗು ಜೋರಾಗ್ತದೆ, ಹಾಡು ಜೋರಾಗ್ತದೆ.

ನಮ್ಮ ಬೇವೂರು ಕಡೆ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುವವರು ಇದ್ದೀರಿ, ನಿಮಗೆ ಇದು ಬೇಗ ತಿಳೀತದೆ. ಬಿತ್ತೋ ಮುಂಚೆ ಹಿರಿಯರು ಕೂರಿಗೆಯ ಕೊಳವೆಗಳನ್ನು ಊದಿ ನೋಡ್ತಾರೆ, ಮಣ್ಣು ಕಟ್ಟಿದೆಯಾ ಅಂತ. ಒಂದು ಕೊಳವೆ ಕಟ್ಟಿದ್ದರೂ ಬಿತ್ತುವ ದಿನ ಯಾರಿಗೂ ಗೊತ್ತಾಗೋದಿಲ್ಲ. ಎತ್ತು ನಡೀತಾವ, ಕೂರಿಗೆ ಸಾಗ್ತದ, ಎಲ್ಲಾ ಚಂದ. ಒಂದು ವಾರ ಬಿಟ್ಟು ಬೆಳೆ ಮೊಳೆತಾಗ ಆ ಒಂದು ಸಾಲು ಬರಿದಾಗಿ ನಿಂತಿರ್ತದೆ, ದಾರಿಯಲ್ಲಿ ಹೋಗುವವರಿಗೆಲ್ಲಾ ಕಾಣ್ತದೆ. ಆಗ ಊದಿದರೆ ಏನು ಬಂತು? ಹದ ಹೋಗಿರ್ತದೆ.

ದಾನಿಯೇಲನನ್ನು ನೋಡಿರಿ, ಆರನೇ ಅಧ್ಯಾಯ. ಹೊಟ್ಟೆಕಿಚ್ಚಿನ ಅಧಿಕಾರಿಗಳು ಅವನ ಆಫೀಸ್ ಕೆಲಸವನ್ನೆಲ್ಲಾ ಕೆದಕಿದರು. ಅವನ ಪ್ರಾರ್ಥನೆಯನ್ನಲ್ಲ, ಮೊದಲು ಅವನ ಕೆಲಸವನ್ನು. ಏನೂ ಸಿಗಲಿಲ್ಲ. ಸಿಂಹಗಳ ಗವಿಗೆ ಹೋಗೋ ಮುಂಚೆಯೇ ಅವನು ಒಂದು ತಪಾಸಣೆ ದಾಟಿದ್ದ.

ಇಲ್ಲಿ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಒಂದು: ನಮಗೆ ರಕ್ಷಣೆ ಸಿಕ್ಕಿದ್ದು ತಪಾಸಣೆಯಲ್ಲಿ ಪಾಸಾಗಿ ಅಲ್ಲ, ಕೃಪೆಯಿಂದ, ಯೇಸುವಿನ ರಕ್ತದಿಂದ. ಟ್ರ್ಯಾಕಿನ ಅಧಿಕಾರಿ ತಪ್ಪು ಹುಡುಕಿ ಹೊರಗೆ ಹಾಕ್ತಾನೆ, ಅಷ್ಟೇ ಅವನ ಕೆಲಸ. ನಮ್ಮ ಕರ್ತನು ತಪ್ಪು ತೋರಿಸಿ ತಾನೇ ಕಾರಿನ ಕೆಳಗೆ ಇಳಿದು ಆ ಸ್ಪ್ರಿಂಗ್ ಬದಲಾಯಿಸ್ತಾನೆ. ಕೈಗೆ ಎಣ್ಣೆ ಮಸಿ ಆಗೋದಕ್ಕೆ ಅವನು ಹೇಸುವವನಲ್ಲ. ಅದಕ್ಕೇ ದಾವೀದನು 139ನೇ ಕೀರ್ತನೆಯಲ್ಲಿ ಓಡಿಹೋಗದೆ, ನನ್ನನ್ನು ಪರೀಕ್ಷೆ ಮಾಡು ದೇವರೇ ಅಂತ ತಾನೇ ಕರೀತಾನೆ.

ಎರಡು: ಅವತ್ತಿನ ಆ ಕಾರು ಡನವೇಯದ್ದಲ್ಲ, ಮಾಲೀಕ ಬೇರೆ. ನಿಮ್ಮಲ್ಲೂ ಕೆಲವರು ನೀವು ಹಾಕದ ಸ್ಪ್ರಿಂಗ್ ಹೊತ್ತುಕೊಂಡು ಓಡ್ತಾ ಇದ್ದೀರಿ. ಅಪ್ಪನ ಕುಡಿತ ಕಲಿಸಿದ ಸುಳ್ಳು, ಮನೆಯಲ್ಲಿ ನೋಡಿ ಬೆಳೆದ ಸಿಟ್ಟು. ಅದನ್ನು ಹಾಕಿದವರು ನೀವಲ್ಲ, ಆದರೆ ಇವತ್ತು ಸ್ಟೀರಿಂಗ್ ನಿಮ್ಮ ಕೈಯಲ್ಲಿದೆ. ಇನ್ನೊಬ್ಬರು ನಿಮಗೆ ಮಾಡಿದ ಅನ್ಯಾಯವೋ, ಅದು ನಿಮ್ಮ ಪಾಪವೇ ಅಲ್ಲ. ಅದಕ್ಕೆ ನಾಚಿಕೆಪಡಬೇಡಿರಿ, ಸಹಾಯ ಕೇಳಿರಿ.

ಈ ವಾರ ಏನು ಮಾಡೋಣ? ದೊಡ್ಡ ತೀರ್ಮಾನ ಬೇಡ. ಇವತ್ತು ರಾತ್ರಿ ಹತ್ತು ನಿಮಿಷ ಬಾಗಿಲು ಹಾಕಿಕೊಂಡು 139ನೇ ಕೀರ್ತನೆಯ ಕಡೆಯ ಎರಡು ವಚನ ಪ್ರಾರ್ಥನೆ ಮಾಡಿರಿ. ದೇವರು ತೋರಿಸುವ ಒಂದೇ ಒಂದು ವಿಷಯ ಚೀಟಿಯಲ್ಲಿ ಬರೆಯಿರಿ. ಬುಧವಾರದೊಳಗೆ ನಂಬಿಗಸ್ತರಾದ ಒಬ್ಬರಿಗೆ ಅದನ್ನು ಹೇಳಿರಿ. ಯುವಕರು ಒಬ್ಬ ಹಿರಿಯ ಅಣ್ಣನಿಗೆ, ತಂಗಿಯಂದಿರು ಪಾಸ್ಟರಮ್ಮನಿಗೋ ಒಬ್ಬ ಅಕ್ಕನಿಗೋ. ಗ್ರೂಪಿನಲ್ಲಿ ಹಾಕಬೇಡಿರಿ. ಕೇಳಿದವರು ಅದನ್ನು ಇನ್ನೊಬ್ಬರಿಗೆ ಹೇಳಬೇಡಿರಿ, ಪ್ರಾರ್ಥನಾ ವಿಷಯ ಅನ್ನುವ ನೆಪದಲ್ಲೂ ಹೇಳಬೇಡಿರಿ. ಸಾಲ ಇದ್ದರೆ ಎಷ್ಟು ಅಂತ ಪೂರ್ತಿ ಹೇಳಿರಿ, ಅರ್ಧ ಹೇಳಬೇಡಿರಿ. ಆಪ್ ಇದ್ದರೆ ಅವರ ಮುಂದೆಯೇ ತೆಗೆದುಹಾಕಿರಿ.

ಯಾರ ಕಡೆ ದೃಷ್ಟಿ ಇಟ್ಟು ಓಡಬೇಕು ಅಂತ ಇಬ್ರಿಯರ ಪತ್ರಿಕೆ ಹೇಳ್ತದೆ? ಯೇಸುವಿನ ಕಡೆ. ಅವನು ಈ ಓಟವನ್ನು ಓಡಿ ಮುಗಿಸಿದವನು. ಯೆಹೂದ್ಯರೂ ಪಿಲಾತನೂ ಅವನನ್ನು ತಪಾಸಣೆ ಮಾಡಿದರು, ತಪ್ಪು ಸಿಗಲಿಲ್ಲ. ಆದರೂ ಅಯೋಗ್ಯರ ಜಾಗದಲ್ಲಿ ನಿಂತ, ನಮಗಾಗಿ. ಹಲ್ಲೆಲೂಯಾ!

ಎಲ್ಲರೂ ಎದ್ದು ನಿಲ್ಲಿರಿ. ಕಣ್ಣು ಮುಚ್ಚಿರಿ, ಪಕ್ಕದವರನ್ನು ನೋಡಬೇಡಿರಿ. ಕೈ ಎತ್ತು, ಮುಂದೆ ಬಾ ಅಂತ ನಾನು ಇವತ್ತು ಕರೆಯೋದಿಲ್ಲ. ನಿಂತಲ್ಲಿಯೇ ನಿಮ್ಮ ಹೃದಯವನ್ನು ಕರ್ತನಿಗೆ ತೆರೆಯಿರಿ.

ತಂದೆಯೇ, ಈ ಮಕ್ಕಳನ್ನು ನಿನ್ನ ಕೈಗೆ ಒಪ್ಪಿಸಿಕೊಡುತ್ತೇನೆ. ವಾರವೆಲ್ಲಾ ಅವರು ಏನು ಹೊತ್ತು ತಿರುಗಿದ್ದಾರೋ ನೀನು ಬಲ್ಲೆ. ಪವಿತ್ರಾತ್ಮನೇ, ಪ್ರೀತಿಯಿಂದ ತೋರಿಸು, ತೋರಿಸಿದ್ದನ್ನು ಸರಿಮಾಡು. ಭಾರವನ್ನು ಇಳಿಸು, ಶಮೆದಮೆ ಕೊಡು. ಹೇಳಿಕೊಳ್ಳಲು ಧೈರ್ಯ ಇಲ್ಲದವರಿಗೆ ಕೇಳಿಸಿಕೊಳ್ಳುವ ಒಬ್ಬರನ್ನು ಈ ವಾರವೇ ಕಳುಹಿಸು. ಓಟದ ಕೊನೆಯಲ್ಲಿ ನಮ್ಮಲ್ಲಿ ಒಬ್ಬನೂ ಅಯೋಗ್ಯನಾಗದೆ ನಿನ್ನ ಮುಂದೆ ನಿಲ್ಲುವಂತೆ ಕೃಪೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.