ಶೌಚವೂ ವಿವೇಕವೂ

ಶೌಚವೆಂಬ ಶಬ್ದವು ಈಚೆಗೆ ಕಕ್ಕಸಿನ ಬಾಗಿಲ ಮೇಲೆ ಮಾತ್ರ ಉಳಿದುಕೊಂಡಿದೆ. ಪೂರ್ವಿಕರಲ್ಲಿ ಅದಕ್ಕೆ ಇಷ್ಟು ಸಂಕುಚಿತವಾದ ಅರ್ಥವಿರಲಿಲ್ಲ. ಯೋಗಶಾಸ್ತ್ರವು ನಿಯಮಗಳನ್ನು ಎಣಿಸುವಾಗ ಶೌಚದಿಂದಲೇ ಆರಂಭಿಸಿತು. ಧರ್ಮಶಾಸ್ತ್ರಕಾರರು ಅದನ್ನು ಬಾಹ್ಯವೆಂದೂ ಆಭ್ಯಂತರವೆಂದೂ ವಿಭಾಗಿಸಿದರು. ಮನುವಂತೂ ಹಣದ ವ್ಯವಹಾರದಲ್ಲಿನ ಶುಚಿತ್ವಕ್ಕೇ ಅಗ್ರಸ್ಥಾನವನ್ನು ಕೊಟ್ಟನು. ಇಷ್ಟೆಲ್ಲಾ ಓದಿಯೂ ನಾವು ದಿನಚರಿಯಲ್ಲಿ ಅನುಸರಿಸುತ್ತ ಬಂದ ಶೌಚವು ಬೇರೆಯೇ ಆದುದು. ಮನೆಯ ಕಸವು ಹೊಸ್ತಿಲನ್ನು ದಾಟಿದರೆ ಮನೆ ಶುಚಿ; ಬೀದಿಯ ಕಸವು ಊರನ್ನು ದಾಟಿದರೆ ಊರು ಶುಚಿ. ದಾಟಿದ ಮೇಲೆ ಅದು ಯಾರ ಕೈಗೆ ತಗಲಿತು, ಯಾರ ಕಾಲಿಗೆ ಚುಚ್ಚಿತು ಎಂದು ಮಡಿಯುಟ್ಟವರು ಕೇಳಲಿಲ್ಲ. ಇಸ್ತ್ರಿಯ ಅಂಗಿ ತೊಟ್ಟವರೂ ಕೇಳಲಿಲ್ಲ. ಒಬ್ಬನ ಶೌಚವು ಇನ್ನೊಬ್ಬನ ಅಶೌಚದಿಂದ ಸಾಧಿಸತಕ್ಕದ್ದಾದರೆ ಅದಕ್ಕೆ ಶೌಚವೆಂಬ ಹೆಸರು ಸಲ್ಲುವುದೆ? ೨೦೨೦ ಮತ್ತು ೨೦೨೧ನೆಯ ವರ್ಷಗಳ ಕೊರೋನಾ ಮಾರಿಯ ಕಾಲದಲ್ಲಿ ಆಸ್ಪತ್ರೆಗಳಿಂದ ಹೊರಬಿದ್ದ ಕಸವನ್ನು ಕುರಿತು ಯೋಚಿಸುವಾಗ ಈ ಪ್ರಶ್ನೆಯು ತಾನಾಗಿ ಏಳುತ್ತದೆ.

ಮಾರಿಯೆಂದೊಡನೆ ಹಿಂದಿನ ಒಂದು ಪದ್ಧತಿಯು ನೆನಪಿಗೆ ಬರುತ್ತದೆ. ಸಿಡುಬೋ ವಾಂತಿಭೇದಿಯೋ ಊರಿಗೆ ಬಂದರೆ ನಮ್ಮ ಸೀಮೆಯಲ್ಲಿ ಮಾರಿಯನ್ನು ಗಡಿ ದಾಟಿಸುತ್ತಿದ್ದರು. ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಬೇವಿನಸೊಪ್ಪುಗಳನ್ನಿಟ್ಟು, ತಮಟೆ ಬಡಿಸಿಕೊಂಡು ಹೋಗಿ ಊರ ಎಲ್ಲೆಯಾಚೆಗೆ ಬಿಟ್ಟುಬರುವುದು. ಆಚೆಯ ಊರಿನವರು ಬೆಳಗಾಗೆದ್ದು ಅದನ್ನು ಕಂಡು, ತಾವೂ ತಮಟೆ ಬಡಿಸಿಕೊಂಡು ಅದರಾಚೆಯ ಊರಿಗೆ ಸಾಗಿಸುವುದು. ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಈ ಸರಪಣಿಯ ಕೊನೆಯ ಊರು ಯಾವುದೆಂದು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸೀಮೆಯಲ್ಲೆಲ್ಲಾ ಹಬ್ಬಿದ ಮೇಲೆ ಜನರು ಇಲಿ ಬಿದ್ದ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ರೋಗವನ್ನು ದಾಟಿಸುವುದರ ಬದಲು ತಾವೇ ದಾಟಿದರೆಂಬುದಷ್ಟೇ ವಿಶೇಷ. ೨೦೨೦ರ ಮಾರ್ಚಿಯಲ್ಲಿ ಹಳ್ಳಿಗಳ ಬಾಗಿಲಿಗೆ ಮುಳ್ಳುಬೇಲಿ ಬಿದ್ದುದನ್ನು ಕಂಡಾಗ, ನೂರಿಪ್ಪತ್ತು ವರ್ಷಗಳಲ್ಲಿ ನಾವು ಬಹಳ ದೂರವೇನೂ ಬಂದಿಲ್ಲವೆಂದು ತೋರಿತು.

ನಮ್ಮದು ತೆಂಗಿನ ಸೀಮೆ. ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ ನಿಂತವನು ತಿಪಟೂರಿಗಾಗಲಿ, ತುರುವೇಕೆರೆಗಾಗಲಿ, ಚಿಕ್ಕನಾಯಕನಹಳ್ಳಿಗಾಗಲಿ ಹೊರಟರೆ ದಾರಿಯುದ್ದಕ್ಕೂ ತೋಟಗಳೇ. ತೆಂಗನ್ನು ನಂಬಿ ಬದುಕಿದವನಿಗೆ ತ್ಯಾಜ್ಯವೆಂಬ ಮಾತಿನ ಅರ್ಥವು ಸುಲಭವಾಗಿ ತಿಳಿಯದು. ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಮಟ್ಟೆ ನಾರಿಗೆ, ಚಿಪ್ಪು ಒಲೆಗೆ ಅಥವಾ ಇದ್ದಲಿಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಇವು ಯಾವುದಕ್ಕೂ ಬಾರದೆ ಮಿಕ್ಕದ್ದನ್ನು ತಿಪ್ಪೆಯು ಅಂಗೀಕರಿಸಿ, ವರ್ಷ ತುಂಬುವುದರೊಳಗಾಗಿ ಗೊಬ್ಬರವನ್ನಾಗಿ ಹಿಂದಿರುಗಿಸುತ್ತದೆ. ತಿಪ್ಪೆಯನ್ನು ಕುರಿತು ನಾವು ತುಚ್ಛವಾಗಿ ಮಾತನಾಡುವುದುಂಟು. ಅಷ್ಟು ಉದಾರವಾದ ಸಂಸ್ಥೆಯು ಊರಿನಲ್ಲಿ ಇನ್ನೊಂದಿಲ್ಲ. ಆದರೆ ಆಸ್ಪತ್ರೆಯ ಕಸವು ಆ ತಿಪ್ಪೆಯೂ ಒಲ್ಲದ ವಸ್ತು. ಅದನ್ನು ದನ ಮುಟ್ಟಬಾರದು, ನಾಯಿ ಎಳೆಯಬಾರದು, ಒಲೆಗೆ ಹಾಕಬಾರದು, ಕೆರೆಯ ಅಂಗಳಕ್ಕೆ ಸುರಿಯಬಾರದು. ಎಸೆಯುವ ಜಾಗವೇ ಇಲ್ಲದ ವಸ್ತುವನ್ನು ಎಸೆಯುವುದು ಹೇಗೆಂಬುದನ್ನು ನಮ್ಮ ಹಿರಿಯರು ಕಲಿಸಲಿಲ್ಲ. ಅವರಿಗೆ ಅದರ ಅವಶ್ಯಕತೆಯೂ ಇರಲಿಲ್ಲ.

ಅದರ ಪರಿಮಾಣವು ಸಾಮಾನ್ಯವಾದುದಲ್ಲ. ೨೦೨೦ರ ಜೂನ್‌ನಿಂದ ಡಿಸೆಂಬರಿನವರೆಗಿನ ಏಳು ತಿಂಗಳುಗಳಲ್ಲಿ ಕೊರೋನಾ ರೋಗಿಗಳ ಆರೈಕೆಯಿಂದಲೇ ಭಾರತದಲ್ಲಿ ಸುಮಾರು ೩೩,೦೦೦ ಟನ್ನುಗಳಷ್ಟು ಇಂಥ ಕಸವುಂಟಾಯಿತೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಲೆಕ್ಕ ಕೊಟ್ಟಿತು. ಅದರಲ್ಲಿ ಕರ್ನಾಟಕದ ಪಾಲು ೨,೦೦೦ ಟನ್ನುಗಳಿಗೆ ಸ್ವಲ್ಪ ಹೆಚ್ಚು. ಇದೆಲ್ಲವೂ ಯಾರೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅವರಿಂದ ಮತ್ತೊಬ್ಬರ ಕೈಗೆ ಹೋದ ವಸ್ತು.

ಇದಕ್ಕಾಗಿ ಸರಕಾರವು ೧೯೯೮ರಲ್ಲಿಯೇ ನಿಯಮಗಳನ್ನು ಮಾಡಿತ್ತು. ೨೦೧೬ರಲ್ಲಿ ಅವುಗಳ ಸ್ಥಾನದಲ್ಲಿ ಹೊಸವನ್ನು ತಂದಿತು. ಅವುಗಳ ತಿರುಳು ನಾಲ್ಕು ಬಣ್ಣಗಳಲ್ಲಿದೆ. ರಕ್ತ ಕೀವುಗಳು ತಗಲಿದ ಹತ್ತಿ ಬಟ್ಟೆಗಳು, ದೇಹದ ತುಣುಕುಗಳು ಮುಂತಾದ ಸುಡತಕ್ಕ ವಸ್ತುಗಳಿಗೆ ಹಳದಿ; ಕೊಳವೆ, ಕೈಚೀಲ ಮೊದಲಾಗಿ ಹಬೆಯಲ್ಲಿ ಬೇಯಿಸಿ, ಚೂರುಮಾಡಿ, ಮತ್ತೆ ಬಳಸಬಹುದಾದ ಪ್ಲಾಸ್ಟಿಕ್ಕಿಗೆ ಕೆಂಪು; ಸೂಜಿ ಮತ್ತು ಅಲಗುಗಳಿಗೆ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿ; ಗಾಜಿಗೆ ನೀಲಿ. ಕೊರೋನಾ ವಾರ್ಡಿನಲ್ಲಿ ಚೀಲವು ಎರಡು ಪದರವಾಗಿರಬೇಕು, ಅದರ ಮೇಲೆ ಆ ರೋಗದ ಹೆಸರಿರಬೇಕು, ಬುಟ್ಟಿಯನ್ನು ಶೇಕಡಾ ೧ರ ಹೈಪೋಕ್ಲೋರೈಟ್ ದ್ರಾವಣದಿಂದ ಒರಸಬೇಕು ಎಂದು ಆ ಮಂಡಲಿಯು ೨೦೨೦ರಲ್ಲಿ ಮತ್ತೂ ವಿಧಿಸಿತು. ಒಬ್ಬ ದಾದಿಯು ತನ್ನ ಮೈಮೇಲಿಂದ ಕಳಚುವ ಉಡುಪಿನಲ್ಲೇ ಭೇದವುಂಟು: ಮುಖದ ಮಾಸ್ಕು ಮತ್ತು ತಲೆಯ ಟೋಪಿ ಹಳದಿಗೆ; ಕನ್ನಡಕ, ಕೈಚೀಲ, ಮೈಮುಚ್ಚುವ ಪ್ಲಾಸ್ಟಿಕ್ ನಿಲುವಂಗಿ ಕೆಂಪಿಗೆ.

ವಿವೇಕವೆಂಬ ಶಬ್ದವನ್ನು ನಾವು ಬುದ್ಧಿವಂತಿಕೆಯೆಂಬ ಅರ್ಥದಲ್ಲಿ ಸಡಿಲವಾಗಿ ಬಳಸುತ್ತೇವೆ. ಧಾತುವನ್ನು ನೋಡಿದರೆ ಅದಕ್ಕೆ ಬೇರ್ಪಡಿಸುವುದೆಂದೇ ಅರ್ಥ. ವೇದಾಂತಿಗಳು ಸಾಧನಚತುಷ್ಟಯದಲ್ಲಿ ನಿತ್ಯವನ್ನೂ ಅನಿತ್ಯವನ್ನೂ ಬೇರ್ಪಡಿಸಿ ತಿಳಿಯುವುದನ್ನು ಮೊದಲು ಹೇಳಿದರು. ಮೊರ ಹಿಡಿದು ರಾಗಿಯನ್ನು ಕೇರುವ ಹೆಂಗಸು ಮಾಡುವುದೂ ವಿವೇಕವೇ. ವಾರ್ಡಿನ ಮೂಲೆಯಲ್ಲಿ ಬಣ್ಣಬಣ್ಣದ ಬುಟ್ಟಿಗಳ ಮುಂದೆ ನಿಂತ ದಾದಿಯು ಮಾಡತಕ್ಕದ್ದೂ ಅದೇ. ಆದರೆ ಕೇರುವವಳು ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕಿ ಅವಳಿಗೇ ತಿಳಿಯುತ್ತದೆ. ದಾದಿಯು ತಪ್ಪಿದರೆ ಅದು ಅವಳಿಗೆ ಎಂದೆಂದಿಗೂ ತಿಳಿಯದಿರಬಹುದು.

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಈಗ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ೨೦೨೧ರ ಬೇಸಿಗೆಯ ಎರಡನೆಯ ಅಲೆಯು ಇಳಿದ ಮೇಲೆ ನಮ್ಮ ಮನೆಗೆ ಬಂದಿದ್ದಾಗ, ಆ ದಿನಗಳಲ್ಲಿ ಅತ್ಯಂತ ಕಷ್ಟವಾದುದು ಯಾವುದೆಂದು ಕೇಳಿದೆನು. ಸಾವುಗಳನ್ನು ಹೇಳಿಯಾಳೆಂದು ನಾನು ಎಣಿಸಿದ್ದೆನು. ಅವಳು ಹೇಳಿದ್ದು ಇದು: "ಡ್ಯೂಟಿ ಮುಗಿಯೋ ಹೊತ್ತಿಗೆ ಚೀಲ ಕಟ್ಟೋದು, ಮೇಷ್ಟ್ರೇ. ಆರು ಗಂಟೆ ನೀರೂ ಕುಡೀದೆ ಆ ಪ್ಲಾಸ್ಟಿಕ್ಕಿನೊಳಗೆ ಬೆಂದುಹೋಗಿರ್ತೀವಿ. ಯಾವುದಾದರೇನು, ಒಂದಕ್ಕೆ ತುರುಕಿ ಕಟ್ಟಿಬಿಡೋಣ ಅನ್ಸುತ್ತೆ. ಕಟ್ಟೋವರೆಗೆ ಒಳಗೇನಿದೆ ಅಂತ ನಂಗೊಬ್ಬಳಿಗೇ ಗೊತ್ತು. ಕಟ್ಟಿದಮೇಲೆ ಆ ಬಣ್ಣ ಹೇಳಿದ್ದೇ ನಿಜ. ಎತ್ಕೊಂಡು ಹೋಗೋನು ಬಿಚ್ಚಿ ನೋಡೋ ಹಾಗಿಲ್ಲವಲ್ಲ."

ಈ ಮಾತಿನಲ್ಲಿರುವಷ್ಟು ನೀತಿಶಾಸ್ತ್ರವನ್ನು ನಾನು ದೊಡ್ಡ ಗ್ರಂಥಗಳಲ್ಲಿ ಅಪರೂಪವಾಗಿ ಕಂಡಿದ್ದೇನೆ. ಚೀಲದ ಬಣ್ಣವೂ ಒಂದು ಮಾತು. ಅದನ್ನು ಕಟ್ಟಿದವಳು ನುಡಿಯುತ್ತಾಳೆ, ಎತ್ತುವವನು ನಂಬುತ್ತಾನೆ. ಹಳದಿಯ ಚೀಲದೊಳಗೆ ಸೂಜಿಯೊಂದಿದ್ದರೆ, ‘ಇದರಲ್ಲಿ ಚುಚ್ಚುವುದೇನೂ ಇಲ್ಲ’ವೆಂದು ಸುಳ್ಳು ಹೇಳಿದಂತಾಯಿತು, ಅದೂ ಆ ಮಾತನ್ನು ನಂಬಿ ಚೀಲವನ್ನು ತೊಡೆಗೆ ತಾಗಿಸಿಕೊಂಡು ನಡೆಯುವ ಬಡವನಿಗೆ. ಶೌಚದ ಪ್ರಶ್ನೆಯೆಂದು ನಾವು ತಿಳಿದದ್ದು ಇಲ್ಲಿ ಸತ್ಯದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಬಲ್ಲವನಿಗೇ ಹೊಣೆ. ಕಸವು ಹುಟ್ಟಿದೆಡೆಯಲ್ಲಿ ಅದರ ಗುಣವನ್ನು ಬಲ್ಲವರು ಒಬ್ಬರಿರುತ್ತಾರೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ಯಾರೂ ಇಲ್ಲ.

ಇದಕ್ಕೆ ಪೂರ್ವಪಕ್ಷವುಂಟು. ವಂಚಿಸುವ ಉದ್ದೇಶವಿಲ್ಲದಲ್ಲಿ ಸುಳ್ಳೆಲ್ಲಿಂದ ಬಂತು, ಇದು ದಣಿವಿನಿಂದಾದ ಪ್ರಮಾದವಷ್ಟೆ ಎನ್ನಬಹುದು. ಒಪ್ಪತಕ್ಕದ್ದೆ, ಸುಳ್ಳುಗಾರನಿಗೂ ಎಚ್ಚರದಪ್ಪಿದವನಿಗೂ ಸಮನಾದ ಪಾಪವನ್ನು ಯಾವ ಶಾಸ್ತ್ರವೂ ಹೇಳದು. ಆದರೆ ನಂಬಿದವನ ಬೆರಳಿಗೆ ಚುಚ್ಚುವ ಸೂಜಿಯು ಉದ್ದೇಶವನ್ನು ವಿಚಾರಿಸಿಕೊಂಡು ಚುಚ್ಚುವುದಿಲ್ಲ. ಮೇಲಾಗಿ, ತನ್ನ ಪ್ರಮಾದದ ಫಲವು ತನಗೆ ಕಾಣದಂತೆ ದೂರದಲ್ಲಿ ಆಗುವುದಾದರೆ, ಅಂಥಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕೇ ಹೊರತು ಅರ್ಧವಾಗತಕ್ಕದ್ದಲ್ಲ. ೧೮೪೭ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮೆಲ್ವೈಸನೆಂಬ ವೈದ್ಯನು ಕಂಡದ್ದೂ ಇದನ್ನೇ. ಶವಗಳನ್ನು ಕೊಯ್ದು ಪರೀಕ್ಷಿಸಿದ ವಿದ್ಯಾವಂತರ ಕೈಗಳೇ ಬಾಣಂತಿಯರ ಕೊಠಡಿಗೆ ಮೃತ್ಯುವನ್ನು ಒಯ್ಯುತ್ತಿದ್ದವು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಿರೆಂದು ಅವನು ವಿಧಿಸಿದಾಗ ಸಾವುಗಳು ಇಳಿದವು. ಆದರೂ ಸಭ್ಯರ ಕೈಯಲ್ಲಿ ಮೈಲಿಗೆಯಿದ್ದೀತೆಂಬುದನ್ನು ಒಪ್ಪಲು ಅನೇಕ ಪಂಡಿತರು ಸಿದ್ಧರಾಗಲಿಲ್ಲ. ಮಡಿಯ ಗರ್ವವು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ.

ಭಯವೂ ಸುಳ್ಳು ನುಡಿಯಬಲ್ಲುದು. ೨೦೨೦ರಲ್ಲಿ ಅನೇಕ ಕಡೆ ರೋಗಿಯು ಉಂಡ ಎಲೆ, ತಿಂದ ಹಣ್ಣಿನ ಸಿಪ್ಪೆ, ಕುಡಿದ ನೀರಿನ ಬಾಟಲಿಗಳನ್ನೆಲ್ಲಾ ಹಳದಿ ಚೀಲಕ್ಕೆ ತುಂಬಿಬಿಟ್ಟರು. ಹಾಗೆ ಮಾಡಬಾರದೆಂದು ಮಂಡಲಿಯು ಮತ್ತೆ ತಿಳಿಯಹೇಳಬೇಕಾಯಿತು. ಇದು ಅತಿ ಜಾಗರೂಕತೆಯಂತೆ ತೋರಿದರೂ ವಿವೇಕವಲ್ಲ. ಆಸ್ಪತ್ರೆಯ ಕಸದಲ್ಲಿ ನೂರಕ್ಕೆ ೮೫ರಷ್ಟು ಪಾಲು ಮನೆಯ ಕಸದಂಥದೇ, ಅಪಾಯಕರವಾದುದು ೧೫ ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹಾಲಿಗೆ ಹುಳಿ ಬಿದ್ದಂತೆ, ಬೆರೆತೊಡನೆ ನೂರೂ ಅಪಾಯಕರವಾಗುತ್ತದೆ. ಆಮೇಲೆ ಅನಾವಶ್ಯಕವಾಗಿ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯನ್ನು ಕುಡಿಯತಕ್ಕವರು ಕುಲುಮೆಯ ಪಕ್ಕದ ಹಳ್ಳಿಯವರು. ಮತ್ತೆ ಮೊರ, ಮತ್ತೆ ಆಚೆಯ ಊರು!

ಆಚೆಯ ಊರಿಗೆ ಹೋದದ್ದು ಹಿಂದಿರುಗುವುದೂ ಉಂಟು. ೨೦೦೯ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಕಾಮಾಲೆಯ ಒಂದು ಘೋರರೂಪವು ಹರಡಿ ಹತ್ತಾರು ಮಂದಿ ಸತ್ತರು. ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದೇ ಮೂಲವೆಂದು ಗೊತ್ತಾಯಿತು. ಆಸ್ಪತ್ರೆಯ ಕಸವನ್ನು ಕೊಂಡು ಮಾರುವ ವ್ಯಾಪಾರವೂ ಬಯಲಿಗೆ ಬಂತು.

ಇಷ್ಟನ್ನು ಹೇಳಿ, ಎಲ್ಲಾ ಹೊಣೆಯನ್ನೂ ಬಡ ದಾದಿಯ ತಲೆಗೆ ಕಟ್ಟಿ ನಾವು ಎದ್ದುಹೋದರೆ ಅದೂ ಗಡಿ ದಾಟಿಸುವ ಕೆಲಸವೇ. ಸತ್ಯವನ್ನು ನುಡಿಯೆಂದು ಒಬ್ಬಳಿಗೆ ವಿಧಿಸುವವರು ಸತ್ಯವನ್ನು ನುಡಿಯುವಷ್ಟು ತ್ರಾಣವನ್ನು ಅವಳಲ್ಲಿ ಉಳಿಸಬೇಕು. ೨೦೨೦ರ ಜುಲೈ ೧೦ರಿಂದ ಕರ್ನಾಟಕದ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರು ಕೆಲಸವನ್ನು ನಿಲ್ಲಿಸಿದರು. ಅವರು ಕೇಳಿದ್ದು ತಿಂಗಳಿಗೆ ೧೨,೦೦೦ ರೂಪಾಯಿಗಳ ಗೌರವಧನ ಮತ್ತು ರಕ್ಷಣೆಯ ಸಾಮಗ್ರಿ. ಅದಕ್ಕೆ ಕೆಲವೇ ತಿಂಗಳ ಹಿಂದೆ ನಾವು ಜಗಲಿಯಲ್ಲಿ ನಿಂತು ಅವರಂಥವರಿಗಾಗಿ ಜಾಗಟೆ ಬಾರಿಸಿದ್ದೆವು. ಜಾಗಟೆಯ ಶಬ್ದವು ಮಾಸ್ಕಾಗುವುದಿಲ್ಲವೆಂಬುದು ಅವರಿಗೆ ನಮಗಿಂತ ಮೊದಲು ತಿಳಿದಿತ್ತು.

ಮನೆಯಲ್ಲಿ ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ ೭೨ ಗಂಟೆ ಇಟ್ಟು, ಕತ್ತರಿಸಿ, ಆಮೇಲೆ ಹೊರಗೆ ಹಾಕತಕ್ಕದ್ದೆಂದು ಆಗ ಮನೆಯವರಿಗೂ ವಿಧಿಸಿದ್ದರು. ಹಾಗೆ ಮಾಡಿದ ಮನೆಗಳು ಎಷ್ಟೆಂದು ವಾಚಕರೇ ತಮ್ಮ ಬೀದಿಯನ್ನು ನೆನೆದು ಎಣಿಸಿಕೊಳ್ಳಬಹುದು. ೨೦೨೩ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತು ಸ್ಥಿತಿಯು ಮುಗಿಯಿತೆಂದು ಸಾರಿತು. ಆದರೆ ಸಕ್ಕರೆ ಕಾಯಿಲೆಯು ಮುಗಿಯಿತೆಂದು ಯಾರೂ ಸಾರಿಲ್ಲ. ವಿದ್ಯಾವಂತರ ಮನೆಗಳಲ್ಲಿ ಇಂದು ಇನ್ಸುಲಿನ್ನಿನ ಸೂಜಿಯಿಲ್ಲದ ಬೀರುವು ಅಪರೂಪ. ಅವು ತರಕಾರಿಯ ಸಿಪ್ಪೆಯೊಡನೆ ಬೀದಿಯ ಗಾಡಿಗೆ ಹೋಗುತ್ತಿರುವುದು ಅಪರೂಪವಲ್ಲ. ನಮ್ಮ ಮನೆಯಲ್ಲಿ ಗಟ್ಟಿ ಮುಚ್ಚಳದ ಒಂದು ಹಳೆಯ ಡಬ್ಬಿಯನ್ನು ಇದಕ್ಕೆಂದೇ ಇಟ್ಟಿದ್ದೇವೆ. ಅದರ ಮೇಲೆ ‘ಸೂಜಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದೆನು. ಗಾಡಿಯ ಹೆಂಗಸಿಗೆ ಓದು ಬಾರದೆಂದು ನನ್ನ ಮನೆಯಾಕೆಯು ಹೇಳಿದಳು. ಅಕ್ಷರಗಳ ಕೆಳಗೆ ಒಂದು ಸೂಜಿಯ ಚಿತ್ರವನ್ನು ಬರೆದು, ಅದರ ತುದಿಗೆ ಕೆಂಪು ಶಾಯಿಯ ಒಂದು ಹನಿಯನ್ನು ಇಟ್ಟಿದ್ದೇನೆ.