ಹಲವು ಕೈಗಳ ಒಂದು ಕಾಯಕ

ಮಾನವನು ಗೋಡೆಯನ್ನು ಎರಡು ಉದ್ದೇಶಗಳಿಂದ ಎತ್ತುತ್ತಾನೆ. ತನ್ನವರನ್ನು ಒಳಗಿಟ್ಟು ಕಾಯುವುದು ಒಂದು. ಅನ್ಯರನ್ನು ಹೊರಗಿಟ್ಟು ತಡೆಯುವುದು ಇನ್ನೊಂದು. ಊರು ಬೆಳೆದು ಮಹಾನಗರವಾದಂತೆ ಎರಡನೆಯ ಉದ್ದೇಶವೇ ಮುಂದಾಗುತ್ತದೆ. ಲಕ್ಷಾಂತರ ಜನರು ಒಂದೇ ನಗರದಲ್ಲಿ ವಾಸವಾಗಿದ್ದರೂ ಒಬ್ಬರ ಮುಖವನ್ನೊಬ್ಬರು ಅರಿಯರು. ಒಂದು ಕೇರಿಯ ದುಃಖವು ಇನ್ನೊಂದು ಕೇರಿಗೆ ತಿಳಿಯದು. ಹೀಗಿರಲು, ತಡೆಯುವ ಗೋಡೆಯು ಕೂಡಿಸುವ ಗೋಡೆಯಾಗಬಲ್ಲುದೇ? ಆಗಬಲ್ಲುದೆಂಬುದಕ್ಕೆ ಅಮೇರಿಕಾ ದೇಶದ ಲಾಸ್ ಏಂಜಲೀಸ್ ನಗರದಲ್ಲಿ ಒಂದು ನಿದರ್ಶನವಿದೆ.

ಆ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಟುಹಂಗಾ ಎಂಬ ಹಳ್ಳವಿದೆ. 1938ರ ಮಹಾಪ್ರವಾಹದ ತರುವಾಯ ಆ ಪ್ರಾಂತದ ನದಿ ಹಳ್ಳಗಳನ್ನು ಕಾಂಕ್ರೀಟಿನ ಕಾಲುವೆಗಳಲ್ಲಿ ಬಂಧಿಸಲಾಯಿತು. ನೆರೆಯ ಭಯವು ತಗ್ಗಿತು. ಆದರೆ ಹಸಿರಿದ್ದ ದಂಡೆಯು ಹೋಗಿ ಬರಿಯ ಬೂದುಬಣ್ಣದ ಗೋಡೆಗಳು ಉಳಿದವು. 1974ರಲ್ಲಿ ಅಮೇರಿಕಾ ಸೈನ್ಯದ ಎಂಜಿನಿಯರ್ ವಿಭಾಗದವರು ಆ ಸ್ಥಳವನ್ನು ಅಂದಗೊಳಿಸುವ ವಿಚಾರವಾಗಿ ಜೂಡಿ ಬಾಕಾ ಎಂಬ ಚಿತ್ರಕಲಾವಿದೆಯನ್ನು ಕೇಳಿಕೊಂಡರು. ಈಕೆ 1946ರಲ್ಲಿ ಅದೇ ನಗರದಲ್ಲಿ, ಮೆಕ್ಸಿಕೋ ಮೂಲದ ಕುಟುಂಬದಲ್ಲಿ ಜನಿಸಿದವರು. 1970ರಲ್ಲಿಯೇ ಇವರು ಪರಸ್ಪರ ಹಗೆ ಸಾಧಿಸುತ್ತಿದ್ದ ಗುಂಪುಗಳ ತರುಣರನ್ನು ಒಟ್ಟುಗೂಡಿಸಿ, ಒಂದು ಉದ್ಯಾನದ ಸಂಗೀತ ವೇದಿಕೆಯ ಮೇಲೆ ತೋಳುಗಳನ್ನು ಚಾಚಿ ನಿಂತ ಅಜ್ಜಿಯ ಚಿತ್ರವನ್ನು ಬರೆಯಿಸಿದ್ದರು. ಹಗೆಯುಳ್ಳವರೂ ಅಜ್ಜಿಯ ಎದುರಿನಲ್ಲಿ ಮೊಮ್ಮಕ್ಕಳೇ ಅಲ್ಲವೇ?

ಕಾಲುವೆಯ ಗೋಡೆಯ ಮೇಲೆ ಚಿತ್ರ ಬರೆಯುವ ಕಾರ್ಯವು 1976ರ ಬೇಸಿಗೆಯಲ್ಲಿ ಆರಂಭವಾಯಿತು. ಬಂದವರು ಯಾರು? ನ್ಯಾಯ ಇಲಾಖೆಯಿಂದ ಕಳುಹಿಸಲ್ಪಟ್ಟ 80 ಮಂದಿ ಹರೆಯದವರು. ಅವರೊಡನೆ 10 ಮಂದಿ ಚಿತ್ರಕಾರರು ಮತ್ತು 5 ಮಂದಿ ಇತಿಹಾಸಜ್ಞರು. ಕೆಟ್ಟವರೆಂದು ಹೆಸರು ಪಡೆದ ಆ ಹುಡುಗರು ನಾಡಿನ ಇತಿಹಾಸವನ್ನು ತಿಳಿದರು, ಬಿಸಿಲಿನಲ್ಲಿ ನಿಂತು ಕುಂಚ ಹಿಡಿದರು. ಮೊದಲ ಬೇಸಿಗೆಯಲ್ಲಿಯೇ 1000 ಅಡಿಯಷ್ಟು ಚಿತ್ರವು ಮೂಡಿತು. ಹೀಗೆ ಐದು ಬೇಸಿಗೆಗಳ ದುಡಿಮೆಯಿಂದ 1983ರ ವೇಳೆಗೆ ಅದು 2754 ಅಡಿ, ಎಂದರೆ ಅರ್ಧ ಮೈಲಿಗೂ ಮಿಕ್ಕಿ ಬೆಳೆಯಿತು. ಒಟ್ಟು 400ಕ್ಕೂ ಹೆಚ್ಚು ತರುಣ ತರುಣಿಯರು ಅದರಲ್ಲಿ ಕೈಗೂಡಿಸಿದರು. ಜನರು ಅದನ್ನು ಲಾಸ್ ಏಂಜಲೀಸಿನ ಮಹಾಗೋಡೆ ಎಂದು ಕರೆಯುತ್ತಾರೆ.

ಆ ಗೋಡೆಯು ಏನನ್ನು ಹೇಳುತ್ತದೆಂಬುದು ವಿಚಾರಾರ್ಹವಾಗಿದೆ. ತನ್ನ ಊರಿನ ಹೊಗಳಿಕೆಯನ್ನು ಬರೆಯುವುದು ಯಾರಿಗಾದರೂ ಸುಲಭ. ಅರಮನೆ, ಪೇಟೆ, ಸಿರಿವಂತರ ಮೆರವಣಿಗೆ ಇವುಗಳನ್ನು ಬರೆದು ಮುಗಿಸಬಹುದಿತ್ತು. ಆದರೆ ಅಲ್ಲಿ ಮೊದಲಿಗೆ ಕಾಣುವವರು ಆ ನೆಲದ ಮೂಲನಿವಾಸಿಗಳಾದ ಚುಮಾಶ್ ಜನರು. ರೈಲುಹಾದಿಯನ್ನು ಹಾಸಿದ ಚೀನೀ ಕೂಲಿಕಾರರು ಅಲ್ಲಿದ್ದಾರೆ. 1930ರ ದಶಕದ ಬಡತನದಲ್ಲಿ ಗಡಿಯಾಚೆಗೆ ಅಟ್ಟಲ್ಪಟ್ಟ ಮೆಕ್ಸಿಕೋ ಮೂಲದವರಿದ್ದಾರೆ. 1942ರಿಂದ ಯುದ್ಧದ ನೆಪದಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದ ದುಃಖವೂ ಅಲ್ಲಿದೆ. ರಕ್ತದ ಪ್ಲಾಸ್ಮಾವನ್ನು ಸಂಗ್ರಹಿಸಿ ಕಾಪಾಡುವ ವಿಧಾನವನ್ನು ಬೆಳೆಸಿದ ಕರಿಯ ಜನಾಂಗದ ವೈದ್ಯ ಚಾರ್ಲ್ಸ್ ಡ್ರೂ ಅವರೂ ಅಲ್ಲಿದ್ದಾರೆ. ಸಾಯುವವನನ್ನು ಉಳಿಸುವ ರಕ್ತದಲ್ಲಿಯೂ ಕರಿಯರದು, ಬಿಳಿಯರದು ಎಂದು ಬೇರ್ಪಡಿಸಿದ ಕಾಲವದು!

ಆ ನಗರವು ತನ್ನ ತಪ್ಪನ್ನು ಮರೆಮಾಚದೆ ತನ್ನ ಗೋಡೆಯ ಮೇಲೆಯೇ ಬರೆಯಗೊಟ್ಟಿತು. ಇದರಿಂದ ಅದರ ಗೌರವವು ಕುಂದಿತೇ? ಇಲ್ಲ. ನೊಂದವರ ನೋವನ್ನು ನೆನೆಯದ ಉತ್ಸವವು ಕೆಲವರ ಉತ್ಸವವಾಗುವುದೇ ಹೊರತು ಊರಿನ ಉತ್ಸವವಾಗಲಾರದು. ತನ್ನ ಹಿರಿಯರ ಮುಖವನ್ನು ಗೋಡೆಯ ಮೇಲೆ ಕಂಡವನಿಗೆ ಮಾತ್ರ ಇದು ತನ್ನ ಊರೆಂಬ ಭಾವವು ಮೂಡುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗನೂ, ಮಡಿವಾಳನೂ, ಹಗ್ಗ ಹೊಸೆಯುವವನೂ ತಮ್ಮ ಅನುಭವವನ್ನು ತಮ್ಮ ನುಡಿಯಲ್ಲಿಯೇ ಹೇಳಿದುದರ ಮಹತ್ವವನ್ನು ಬಲ್ಲ ಭಕ್ತರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು, ಈ ದುಡಿಮೆಯಿಂದ ಚೆಂದವಾದುದು ಗೋಡೆ ಮಾತ್ರವೇ ಎಂದು ಕೇಳಬೇಕು. ತಪ್ಪು ಮಾಡಿದ ಹುಡುಗನಿಗೆ ಸಮಾಜವು ಸಾಮಾನ್ಯವಾಗಿ ಕೊಡುವುದು ಎರಡೇ: ಶಿಕ್ಷೆ ಇಲ್ಲವೆ ಉಪದೇಶ. ಅಲ್ಲಿ ಮೂರನೆಯದೊಂದನ್ನು ಕೊಡಲಾಯಿತು. ಅದು ನಂಬಿಕೆಯಿಂದ ಒಪ್ಪಿಸಿದ ಕೆಲಸ. ತಾನು ಹಚ್ಚಿದ ಬಣ್ಣವಿಲ್ಲದೆ ಚಿತ್ರವು ಪೂರ್ಣವಾಗದೆಂದು ಅರಿತವನು ತನ್ನನ್ನು ತಾನು ಹೀನನೆಂದು ಎಣಿಸಲಾರನು. ಪಕ್ಕದಲ್ಲಿ ನಿಂತು ಬಣ್ಣ ಹಚ್ಚುವವನನ್ನೂ ಹಗೆಯೆಂದು ಕಾಣಲಾರನು. ಕಾಯಕವು ಮಾಡಿದ ವಸ್ತುವಿಗಿಂತ ಮೊದಲು ಮಾಡುವವನನ್ನು ತಿದ್ದುತ್ತದೆ. ಅದರ ಫಲವನ್ನು ತನ್ನ ಹೆಸರಿಗೆ ಇಟ್ಟುಕೊಳ್ಳದೆ ಎಲ್ಲರ ಕಣ್ಣಿಗೆ ಒಪ್ಪಿಸಿದಾಗ ಅದು ದಾಸೋಹವೂ ಆಗುತ್ತದೆ.

ಆದರೆ ಬಣ್ಣವು ಶಾಶ್ವತವಲ್ಲ. ಬಿಸಿಲಿಗೂ ನೀರಿಗೂ ಆ ಚಿತ್ರಗಳು ಮಾಸಿದವು. ಆಗ ಅದು ಹಳೆಯದಾಯಿತೆಂದು ಬಿಟ್ಟುಬಿಡದೆ ಮತ್ತೆ ಬಣ್ಣವನ್ನು ತುಂಬಿ, 2011ರಲ್ಲಿ ಜೀರ್ಣೋದ್ಧಾರವನ್ನು ಮುಗಿಸಿದರು. 2017ರಲ್ಲಿ ಅದು ಅಮೇರಿಕಾದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. ಕೂಡಿದ ಮನಸ್ಸುಗಳ ರೀತಿಯೂ ಹೀಗೆಯೇ. ಒಂದು ಜಾತ್ರೆಯಲ್ಲಿ ಎಲ್ಲರೂ ಸೇರಿ ತೇರನ್ನು ಎಳೆದ ಮಾತ್ರಕ್ಕೆ ಊರಿನ ಒಗ್ಗಟ್ಟು ವರ್ಷವಿಡೀ ಉಳಿಯದು. ಮಾಸಿದಲ್ಲಿ ಮತ್ತೆ ಬಣ್ಣವನ್ನು ತುಂಬುವ ತಾಳ್ಮೆಯು ಬೇಕು.

ಗೃಹಸ್ಥರಾದ ಸದ್ಭಕ್ತರು ಇದರಿಂದ ತಮ್ಮ ಊರಿನ ಕಡೆಗೆ ಕಣ್ಣು ತಿರುಗಿಸಬೇಕು. ಪ್ರತಿ ಊರಿನಲ್ಲಿಯೂ ದಾರಿತಪ್ಪಿದವನೆಂದು ದೂರವಿಟ್ಟ ಒಬ್ಬ ಹುಡುಗನಿರುತ್ತಾನೆ. ಊರಿನ ಕಥೆಯಲ್ಲಿ ಹೆಸರೇ ಬಾರದ ಒಂದು ಕೇರಿಯಿರುತ್ತದೆ. ಶಾಲೆಯ ಗೋಡೆಗೆ ಸುಣ್ಣ ಬಳಿಯುವಾಗ, ಕೆರೆಯ ಹೂಳೆತ್ತುವಾಗ, ಉತ್ಸವಕ್ಕೆ ಅಣಿಮಾಡುವಾಗ ಅವರನ್ನು ಕರೆಯಬೇಕು. ಎಲ್ಲ ಮುಗಿದ ಮೇಲೆ ಪ್ರಸಾದಕ್ಕೆ ಕರೆಯುವುದು ಸಾಲದು; ಕೆಲಸವನ್ನು ಗೊತ್ತುಮಾಡುವಾಗಲೇ ಕರೆದು, ಅವರ ಮಾತನ್ನು ಕೇಳಿ, ಅವರ ಕೈಗೆ ಕೆಲಸವನ್ನು ಒಪ್ಪಿಸಬೇಕು. ಹಾಗೆ ಕರೆದ ಮನೆಯು ಬೆಳಗಲಿ, ಹಾಗೆ ಕೂಡಿದ ಊರು ಬೆಳಗಲಿ. ಸರ್ವರಿಗೂ ಸನ್ಮಂಗಳವಾಗಲಿ.